‘ಇಲ್ಲ’ ಅಂತ ಬರೆಯುವ ಮುಂಚೆ

ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಮುಂದೆ ಕೋಲಾರದಲ್ಲಿ ಒಂದು ಭಾನುವಾರ ಆಡಿದ ಮಾತು ಇದು. ಮಾತಾಡುವಾಗ ಹಿಂದೆಮುಂದೆ ಆಗಿದ್ದನ್ನು ಬರೆಯುವಾಗ ಸರಿ ಮಾಡಿಕೊಂಡಿದ್ದೇನೆ. ಅಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹಿಂದಿನ ಸಾಲಿನಲ್ಲಿ ಕೂತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಮುಂದೆ ಬನ್ನಿ. ಇದು ಮಕ್ಕಳಿಗೆ ಮಾತ್ರ ಹೇಳುವ ಮಾತಲ್ಲ. ಹುಡುಗ ಫಾರಂ ತುಂಬುವಾಗ ಪಕ್ಕದಲ್ಲಿ ನಿಂತು ‘ಏ, ಅದೆಲ್ಲಾ ಯಾಕೋ ಬರೀತೀಯ, ಇಲ್ಲ ಅಂತ ಹಾಕು’ ಅನ್ನುವವರು ಹೆಚ್ಚಾಗಿ ನಾವು ದೊಡ್ಡವರೇ.

ನಾನು ಇಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಇಪ್ಪತ್ತು ವರ್ಷದ ಹತ್ತಿರ ಆಯಿತು. ಜಾಸ್ತಿ ಕ್ರಿಮಿನಲ್ ಕೇಸುಗಳೇ, ಆದರೆ ಪೇಪರಿನಲ್ಲಿ ಬರುವಂಥವಲ್ಲ. ಬದುವಿನ ಜಗಳ, ನೀರಿನ ಜಗಳ, ಹಬ್ಬದ ಗಲಾಟೆ, ಇಸ್ಪೀಟು, ಕುಡಿದು ಬೈಕ್ ಓಡಿಸಿದ್ದು. ಮೊದಲೆಲ್ಲಾ ಜನ ಬಂದು ‘ಮೇಡಂ, ಜೈಲಾಗುತ್ತಾ?’ ಅಂತ ಕೇಳುತ್ತಿದ್ದರು. ಈಗ ‘ಮೇಡಂ, ಕೆಲಸಕ್ಕೆ ತೊಂದರೆ ಆಗುತ್ತಾ?’ ಅಂತ ಕೇಳುತ್ತಾರೆ. ಕಾರಣ ನಿಮಗೇ ಗೊತ್ತು. ನರಸಾಪುರ, ವೇಮಗಲ್, ಮಾಲೂರು ಕಡೆ ಕಾರ್ಖಾನೆಗಳು ಬಂದವು. ಬಂಗಾರಪೇಟೆಯಲ್ಲಿ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿ ಬರುವವರಿದ್ದಾರೆ. ರೈಲ್ವೆ, ಪೊಲೀಸ್, ಸೇನೆ ಅಂತ ಪರೀಕ್ಷೆ ಕಟ್ಟುವವರಿದ್ದಾರೆ. ಎಲ್ಲಿಗೆ ಹೋದರೂ ಒಂದು ಫಾರಂ. ಆ ಫಾರಂನಲ್ಲಿ ಎಲ್ಲೋ ಒಂದು ಕಡೆ ಈ ಪ್ರಶ್ನೆ: ನಿಮ್ಮ ಮೇಲೆ ಕೇಸು ಇದೆಯಾ?

ಇದಕ್ಕೆ ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಹೋದಲ್ಲೆಲ್ಲಾ ಇದನ್ನು ಹೇಳುತ್ತೇನೆ.

ನಾನು ಕರಿಕೋಟು ಹಾಕಿ ಎರಡನೇ ವರ್ಷ. ಯುಗಾದಿ ಹಬ್ಬ. ನಮ್ಮ ಕಡೆ ಯುಗಾದಿ ದಿನ ಇಸ್ಪೀಟು ಆಡುವುದು ಹೊಸದೇನಲ್ಲ. ಒಬ್ಬಟ್ಟು ಊಟ ಮುಗಿಸಿ ಊರಾಚೆ ಹುಣಸೆ ತೋಪಿನಲ್ಲಿ ಎಂಟು ಜನ ಟವೆಲ್ ಹಾಸಿಕೊಂಡು ಅಂದರ್ ಬಾಹರ್ ಆಡುತ್ತಿದ್ದರು. ಪೊಲೀಸರು ಬಂದರು. 52 ಎಲೆ, ಟವೆಲ್ಲು, ಹರಡಿದ್ದ ದುಡ್ಡು ಎಲ್ಲ ಪಂಚನಾಮೆ ಆಯಿತು. ಸಾರ್ವಜನಿಕ ಸ್ಥಳದಲ್ಲಿ ಜೂಜು, ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಕಲಂ. ಎಂಟರಲ್ಲಿ ಒಬ್ಬನಿಗೆ 19 ವರ್ಷ. ತಾನು ಆಡುತ್ತಿರಲಿಲ್ಲ, ನಿಂತು ನೋಡುತ್ತಿದ್ದೆ ಅಂದ. ಅವನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಸೆರಗು ಹಿಡಿದು ಕೂತಿದ್ದರು.

ನಾನು ಏನು ಹೇಳಿದೆ ಗೊತ್ತಾ? ‘ಕೇಸು ನಡೆಸಿದರೆ ವರ್ಷಗಟ್ಟಲೆ ವಾಯಿದೆಗೆ ಬರಬೇಕು. ಒಪ್ಕೊಂಡುಬಿಡು. ಇನ್ನೂರು ರೂಪಾಯಿ ದಂಡ. ಇವತ್ತೇ ಮುಗಿದುಹೋಗುತ್ತೆ.’ ಎಲ್ಲರೂ ಹಾಗೇ ಹೇಳುತ್ತಿದ್ದರು, ನಾನೂ ಹೇಳಿದೆ. ಸಾಹೇಬರು ‘ತಪ್ಪು ಒಪ್ಕೊಳ್ತೀಯಾ?’ ಅಂದರು. ‘ಹೌದು ಸ್ವಾಮಿ’ ಅಂದ. ದಂಡ ಕಟ್ಟಿದ. ತಾಯಿ ನನಗೆ ಕೈ ಮುಗಿದರು.

ನಾಲ್ಕು ವರ್ಷ ಆದಮೇಲೆ ಅವನು ಮತ್ತೆ ಬಂದ. ಗುರುತೇ ಸಿಗಲಿಲ್ಲ. ಕೂದಲು ಕತ್ತರಿಸಿದ್ದ, ಮೈ ಗಟ್ಟಿಯಾಗಿತ್ತು. ಕೇಂದ್ರ ಸರ್ಕಾರದ ಒಂದು ಭದ್ರತಾ ಪಡೆಯಲ್ಲಿ ಆಯ್ಕೆಯಾಗಿ ತರಬೇತಿಯಲ್ಲಿದ್ದ. ಕೈಯಲ್ಲಿ ಒಂದು ನೋಟಿಸು. ಕೆಲಸಕ್ಕೆ ಆಯ್ಕೆಯಾದವರು ತಮ್ಮ ಪೂರ್ವಾಪರ ಬರೆದುಕೊಡುವ ಅಟೆಸ್ಟೇಷನ್ ಫಾರಂನಲ್ಲಿ ‘ಎಂದಾದರೂ ನ್ಯಾಯಾಲಯ ನಿಮಗೆ ದಂಡ ವಿಧಿಸಿದೆಯೇ?’ ಅಂತ ಕೇಳಿದ್ದರು. ಅವನು ‘ಇಲ್ಲ’ ಅಂತ ಬರೆದಿದ್ದ. ಊರಿನ ಸ್ಟೇಷನ್‌ಗೆ ಪರಿಶೀಲನೆಗೆ ಕಳಿಸಿದಾಗ ಹಳೇ ರಿಜಿಸ್ಟರಿನಲ್ಲಿ ಆ ಇನ್ನೂರು ರೂಪಾಯಿ ಸಿಕ್ಕಿತು.

ಅವನು ಜಗಳ ಮಾಡಲಿಲ್ಲ. ‘ಮೇಡಂ, ನೀವೇ ಹೇಳಿದ್ರಲ್ಲಾ, ಮುಗೀತು ಅಂತ’ ಅಂದ ಅಷ್ಟೇ.

ಉತ್ತರ ಬರೆದೆವು, ಮೇಲ್ಮನವಿ ಹಾಕಿದೆವು. ಆಗಲಿಲ್ಲ. ಈಗ ಅವನು ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಸಾಗಿಸುವ ಟೆಂಪೊ ಓಡಿಸುತ್ತಾನೆ. ಸಿಕ್ಕಾಗ ಮಾತಾಡಿಸುತ್ತಾನೆ. ನಿಜ ಬರೆದಿದ್ದರೆ ಆ ಕೆಲಸ ಉಳಿಯುತ್ತಿತ್ತು ಅಂತ ನಾನು ಎದೆ ತಟ್ಟಿ ಹೇಳಲಾರೆ. ಆದರೆ ನಿಜ ಬರೆದಿದ್ದರೆ ಅಧಿಕಾರಿಯ ಎದುರಿಗೆ ಇರುತ್ತಿದ್ದದ್ದು ಹಬ್ಬದ ದಿನದ ಇಸ್ಪೀಟು ಮಾತ್ರ. ಸುಳ್ಳು ಬರೆದಮೇಲೆ ಇಸ್ಪೀಟು ಹಿಂದೆ ಸರಿಯಿತು. ಸುಳ್ಳೇ ಮುಂದೆ ಬಂದು ಕೂತಿತು.

ಹಾಗಾಗಿ ಮೊದಲು ಹೇಳುವುದು ಇಷ್ಟು. ತಪ್ಪೊಪ್ಪಿಕೊಂಡು ದಂಡ ಕಟ್ಟುವುದು ಅಂದರೆ ಶಿಕ್ಷೆ ಆಯಿತು ಅಂತಲೇ ಅರ್ಥ. ಮೊತ್ತ ನೂರಿರಲಿ, ಸಾವಿರ ಇರಲಿ. ಟ್ರಾಫಿಕ್ ಪೊಲೀಸರು ಹೆಲ್ಮೆಟ್ ಇಲ್ಲ ಅಂತ ರಸ್ತೆಯಲ್ಲಿ ರಸೀದಿ ಹರಿದು ಕೊಡುವ ದಂಡ ಬೇರೆ. ಅದು ಕೋರ್ಟಿನ ಶಿಕ್ಷೆಯಲ್ಲ. ಆದರೆ ಕುಡಿದು ಗಾಡಿ ಓಡಿಸಿ ಕೋರ್ಟಿಗೆ ಹೋಗಿ ಕಟ್ಟಿದ್ದು ಕೋರ್ಟಿನ ದಂಡವೇ. ಯಾರಾದರೂ ‘ಒಪ್ಕೊಂಡು ಮುಗಿಸಿ’ ಅಂದರೆ, ವಕೀಲರೇ ಅಂದರೂ, ‘ಸಾರ್, ನಾನು ಮುಂದೆ ಕೆಲಸಕ್ಕೆ ಅರ್ಜಿ ಹಾಕೋನು’ ಅಂತ ಬಾಯಿಬಿಟ್ಟು ಹೇಳಿ. ಆಗ ಅವರೂ ಯೋಚನೆ ಮಾಡುತ್ತಾರೆ. ತಪ್ಪು ಸಾಬೀತಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿ ಎಚ್ಚರಿಕೆ ಕೊಟ್ಟು ಬಿಡಿ, ಇಲ್ಲವೇ ಒಳ್ಳೆಯ ನಡತೆಯ ಬಾಂಡಿನ ಮೇಲೆ ಬಿಡಿ ಅಂತ ಕೋರ್ಟನ್ನು ಕೇಳಬಹುದು. ಆ ಕಾಯ್ದೆಯ 12ನೇ ಕಲಂ, ಶಿಕ್ಷೆಯ ಜೊತೆಗೆ ಕಾನೂನಿನಲ್ಲಿ ಅಂಟಿಕೊಂಡು ಬರುವ ಅನರ್ಹತೆಯನ್ನು ತೆಗೆಯುತ್ತದೆ. ಹಾಗಂತ ಕೇಸೇ ಆಗಿರಲಿಲ್ಲ ಅಂತಲ್ಲ. ಫಾರಂನಲ್ಲಿ ಕೇಳಿದರೆ ‘ಹೌದು’ ಅಂತಲೇ ಬರೆಯಬೇಕು.

ಈಗ ಫಾರಂ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರದ ಅಟೆಸ್ಟೇಷನ್ ಫಾರಂ ಒಂದನ್ನು ತಂದಿದ್ದೇನೆ, ಕೈಯಿಂದ ಕೈಗೆ ಕಳಿಸಿ. ಮೇಲ್ಗಡೆಯೇ ಎಚ್ಚರಿಕೆ ಇದೆ. ಸುಳ್ಳು ಮಾಹಿತಿ ಕೊಟ್ಟರೆ, ಮಾಹಿತಿ ಬಚ್ಚಿಟ್ಟರೆ ಅದೇ ಅನರ್ಹತೆ ಅಂತ. ಕೆಳಗೆ ಪ್ರಶ್ನೆಗಳನ್ನು ನೋಡಿ. ನಿಮ್ಮನ್ನು ಎಂದಾದರೂ ಬಂಧಿಸಿದ್ದಾರಾ? ಮೊಕದ್ದಮೆ ನಡೆದಿದೆಯಾ? ವಶದಲ್ಲಿ ಇಟ್ಟುಕೊಂಡಿದ್ದರಾ? ಮುಚ್ಚಳಿಕೆ ಬರೆಸಿಕೊಂಡಿದ್ದಾರಾ? ಕೋರ್ಟು ದಂಡ ಹಾಕಿದೆಯಾ? ಶಿಕ್ಷೆ ಕೊಟ್ಟಿದೆಯಾ? ಈ ಫಾರಂ ತುಂಬುವ ಹೊತ್ತಿಗೆ ಯಾವುದಾದರೂ ಕೇಸು ಬಾಕಿ ಇದೆಯಾ? ಒಂದೊಂದೂ ಬೇರೆ ಪ್ರಶ್ನೆ. ಒಂದಕ್ಕೆ ‘ಇಲ್ಲ’ ಅನ್ನುವುದು ನಿಜವಾಗಿದ್ದು, ಪಕ್ಕದ್ದಕ್ಕೆ ಅದೇ ‘ಇಲ್ಲ’ ಸುಳ್ಳಾಗಬಹುದು. ನಮ್ಮ ಹುಡುಗರು ಏನು ಮಾಡುತ್ತಾರೆ? ಸೈಬರ್ ಸೆಂಟರಿನವನು ‘ಎಲ್ಲಾದಕ್ಕೂ ನೋ ಹಾಕ್ಲಾ?’ ಅನ್ನುತ್ತಾನೆ, ಇವರು ಹೂಂ ಅನ್ನುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಗಣೇಶನ ಹಬ್ಬಕ್ಕೋ ಚುನಾವಣೆಗೋ ಮುಂಚೆ ಊರಿನ ಹತ್ತಿಪ್ಪತ್ತು ಹುಡುಗರನ್ನು ತಾಲ್ಲೂಕು ಆಫೀಸಿಗೆ ಕರೆದು ಶಾಂತಿ ಕಾಪಾಡುತ್ತೇವೆ ಅಂತ ಬರೆಸಿಕೊಳ್ಳುತ್ತಾರಲ್ಲಾ, ಅದೇ ‘107’, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 107ನೇ ಕಲಂ. ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂದಮೇಲೆ ಅದು ಬಿಎನ್‌ಎಸ್‌ಎಸ್‌ನ 126ನೇ ಕಲಂ. ಅದು ಅಪರಾಧವಲ್ಲ, ಶಿಕ್ಷೆಯೂ ಅಲ್ಲ. ‘ನಿಮಗೆ ಶಿಕ್ಷೆಯಾಗಿದೆಯಾ?’ ಅಂದರೆ ಧೈರ್ಯವಾಗಿ ‘ಇಲ್ಲ’ ಅನ್ನಿ. ಆದರೆ ‘ಮುಚ್ಚಳಿಕೆ ಬರೆಸಿಕೊಂಡಿದ್ದಾರಾ?’ ಅಂತ ಕೇಳಿದರೆ ಉತ್ತರ ಬೇರೆ.

ಕಂಪನಿಗಳ ಫಾರಂನಲ್ಲಿ ಇಷ್ಟು ಪ್ರಶ್ನೆ ಇರುವುದಿಲ್ಲ. ಕೆಲವರು ‘ಶಿಕ್ಷೆ ಆಗಿದೆಯಾ?’ ಅಂತ ಮಾತ್ರ ಕೇಳುತ್ತಾರೆ. ಅಂಥ ಕಡೆ ಖುಲಾಸೆಯಾದ ಕೇಸನ್ನು ನೀವಾಗಿ ಎಳೆದು ತರಬೇಕಾಗಿಲ್ಲ. ಕೇಳಿದ್ದಕ್ಕೆ ನಿಜ ಹೇಳಿ, ಕೇಳದ್ದನ್ನು ಹೇಳಲೇಬೇಕು ಅಂತಿಲ್ಲ. ಇದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗುತ್ತದೆ. ಸತ್ಯ ಹೇಳುವುದು ಅಂದರೆ ಮನೆಯ ಪುರಾಣವನ್ನೆಲ್ಲಾ ಹರಡಿ ಕೂರುವುದಲ್ಲ.

ಇನ್ನು ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಕಾಣುವ ಕೇಸು. ನಾನು ನಂಬರ್ ಹೇಳಿದರೆ ಇಲ್ಲಿ ಅರ್ಧ ಜನ ತಲೆ ಆಡಿಸುತ್ತೀರಿ. 323, 324, 504, 506, ರೆಡ್ ವಿತ್ 34. ನೋಡಿ, ಆಡಿಸಿದ್ರಿ ಅಲ್ವಾ? 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈಗ ಅವೇ 115(2), 118(1), 352, 351(2), 3(5). ಹೊಡೆದ, ಆಯುಧದಿಂದ ಹೊಡೆದ, ಬೈದ, ಬೆದರಿಸಿದ, ಎಲ್ಲರೂ ಸೇರಿ ಮಾಡಿದರು. ಬದು ಒತ್ತಿದ್ದಕ್ಕೆ, ಬೋರ್‌ವೆಲ್ ಪೈಪಿಗೆ, ಹುಣಸೆ ಮರದ ಪಾಲಿಗೆ ಜಗಳ ಆಗುತ್ತದೆ. ದೂರು ಕೊಡುವಾಗ ಎದುರು ಮನೆಯವರ ಹೆಸರನ್ನೆಲ್ಲಾ ಬರೆಸುತ್ತಾರೆ. ಮನೆಯಲ್ಲಿ ಓದುತ್ತಿರುವ ಹುಡುಗ ಇದ್ದರೆ ಅವನ ಹೆಸರು ಖಂಡಿತ ಇರುತ್ತದೆ. ಅವನ ಓದಿಗೆ, ಕೆಲಸಕ್ಕೆ ಪೆಟ್ಟು ಬಿದ್ದರೆ ಮನೆಗೇ ಪೆಟ್ಟು ಅಂತ ಬರೆಸುವವರಿಗೂ ಗೊತ್ತು. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ಜಗಳ ದೊಡ್ಡವರದು. ಫಾರಂ ತುಂಬಬೇಕಾದವನು ಆ ಹುಡುಗ.

ದಲಿತ ಮನೆಗಳಲ್ಲಿ ಇದು ಇನ್ನೊಂದು ರೀತಿ ಬರುತ್ತದೆ. ದೌರ್ಜನ್ಯ ಆಯಿತು ಅಂತ ದೂರು ಕೊಟ್ಟ ದಿನವೇ ಆ ಕಡೆಯಿಂದ ಕೌಂಟರ್ ಕೇಸು ಬೀಳುತ್ತದೆ. ಏಟು ತಿಂದವನೂ ಆರೋಪಿ ಆಗುತ್ತಾನೆ. ಆಮೇಲೆ ‘ನೀವೂ ವಾಪಸ್ ತಗೊಳ್ಳಿ, ನಾವೂ ತಗೋತೀವಿ, ಹುಡುಗನ ಭವಿಷ್ಯ ನೋಡ್ಕೊಳ್ಳಿ’ ಅಂತ ಒತ್ತಾಯ ಶುರುವಾಗುತ್ತದೆ. ಕೆಲಸದ ಫಾರಂನಲ್ಲಿರುವ ಒಂದು ಸಾಲು ನ್ಯಾಯ ಕೇಳುವವರ ಬಾಯಿ ಮುಚ್ಚಿಸುವ ಆಯುಧ ಆಗಬಾರದು. ಇಂಥ ಒತ್ತಾಯ ಬಂದರೆ ಒಂಟಿಯಾಗಿ ನಿರ್ಧಾರ ಮಾಡಬೇಡಿ. 15100 ಅನ್ನುವ ಸಹಾಯವಾಣಿ ಇದೆ, ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. 1987ರ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ನರಸಾಪುರದಲ್ಲಿ ಶಿಫ್ಟ್ ಮಾಡುವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ಅನ್ವಯಿಸುತ್ತದೆ.

ಈ ಗಲಾಟೆ ಕೇಸುಗಳು ಹೇಗೆ ಮುಗಿಯುತ್ತವೆ ಅನ್ನುವುದೂ ಮುಖ್ಯ. ಅಶ್ವತ್ಥಕಟ್ಟೆಯಲ್ಲಿ ರಾಜಿ ಆಗಿ, ಎರಡೂ ಮನೆಯವರು ಒಟ್ಟಿಗೆ ಊಟ ಮಾಡಿದರೆ ಕೇಸು ಹೋಯಿತು ಅಂದುಕೊಳ್ಳುತ್ತಾರೆ. ಹೋಗಿರುವುದಿಲ್ಲ. ಕೋರ್ಟಿನಲ್ಲಿ ಫೈಲು ಇದ್ದೇ ಇರುತ್ತದೆ. ಬರೀ ಹೊಡೆದ, ಬೈದ ಕೇಸಾದರೆ ಕೋರ್ಟಿನಲ್ಲೇ ಅಥವಾ ಲೋಕ್ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಹಾಗೆ ಆದ ರಾಜಿಗೆ ಕಾನೂನಿನಲ್ಲಿ ಖುಲಾಸೆಯ ಬೆಲೆ ಇದೆ. ಆಯುಧದಿಂದ ಹೊಡೆದದ್ದು ಅಂತ ಸೇರಿಸಿದ್ದರೆ ಅಷ್ಟು ಸುಲಭವಾಗಿ ರಾಜಿಗೆ ಬರುವುದಿಲ್ಲ. ಆಗ ಏನಾಗುತ್ತದೆ? ಊರಿನಲ್ಲಿ ರಾಜಿಯಾದ ಸಾಕ್ಷಿಗಳು ಕಟಕಟೆಗೆ ಬಂದು ‘ನನಗೇನೂ ಗೊತ್ತಿಲ್ಲ’ ಅನ್ನುತ್ತಾರೆ. ಪ್ರತಿಕೂಲ ಸಾಕ್ಷಿ ಅಂತ ಬರೆದುಕೊಂಡು, ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡುತ್ತಾರೆ. ಮನೆಯಲ್ಲಿ ಪಾಯಸ ಮಾಡುತ್ತಾರೆ. ಆದರೆ ಪೊಲೀಸ್ ಕೆಲಸಕ್ಕೆ ಹೋದಾಗ ಆ ತೀರ್ಪಿನ ಕೊನೇ ಪುಟವನ್ನು ಅಧಿಕಾರಿ ಕಣ್ಣಿಟ್ಟು ಓದುತ್ತಾನೆ. ತಪ್ಪು ಮಾಡಿಲ್ಲ ಅಂತ ಬಿಟ್ಟಿದ್ದಾ, ಸಾಕ್ಷಿ ತಿರುಗಿದ್ದಕ್ಕೆ ಬಿಟ್ಟಿದ್ದಾ? 2013ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಪೊಲೀಸ್ ನೇಮಕಾತಿಯ ಮೆಹರ್ ಸಿಂಗ್ ಪ್ರಕರಣದಲ್ಲಿ ಈ ವ್ಯತ್ಯಾಸ ನೋಡುವ ಅಧಿಕಾರ ಇಲಾಖೆಗೆ ಇದೆ ಅಂದಿದೆ.

ಇಲ್ಲೊಬ್ಬರು ಎದ್ದು ಕೇಳಿದರು. ‘ಹಂಗಾದ್ರೆ ಹೇಳಿದ್ರೂ ಕಷ್ಟ, ಬಿಟ್ರೂ ಕಷ್ಟ. ಕಾನೂನು ಯಾರ ಕಡೆ ಇದೆ ಮೇಡಂ?’

ಅಣ್ಣಾ, ಕಾನೂನು ಈಗ ಮೊದಲಿಗಿಂತ ಸ್ವಲ್ಪ ಮೆತ್ತಗಾಗಿದೆ. 2011ರಲ್ಲಿ ಸಂದೀಪ್ ಕುಮಾರ್ ಅನ್ನುವವರ ಪ್ರಕರಣ ಬಂತು. ಇಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ಆದ ಜಗಳ, ರಾಜಿಯಾಗಿ ಖುಲಾಸೆಯಾಗಿತ್ತು. ಅರ್ಜಿಯಲ್ಲಿ ಬರೆದಿರಲಿಲ್ಲ. ಆ ವಯಸ್ಸಿನ ಸಣ್ಣ ತಪ್ಪಿಗೆ ಜೀವನಪೂರ್ತಿ ಅಪರಾಧಿ ಅಂತ ಹಣೆಪಟ್ಟಿ ಕಟ್ಟಬಾರದು ಅನ್ನುವ ಅರ್ಥದಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಆದರೆ ಬೇರೆ ಬೇರೆ ಪೀಠಗಳು ಬೇರೆ ಬೇರೆ ಹೇಳುತ್ತಿದ್ದವು. ಹಾಗಾಗಿ 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಕೂತು ಒಂದು ದಾರಿ ಹಾಕಿಕೊಟ್ಟರು. ಸರ್ಕಾರಿ ಕೆಲಸಕ್ಕೆ ಹೋಗುವವರು ಈ ಹೆಸರು ನೆನಪಿಟ್ಟುಕೊಳ್ಳಿ.

ಅಲ್ಲಿ ಹೇಳಿದ್ದರ ತಿರುಳು ಹೀಗೆ. ಕೊಡುವ ಮಾಹಿತಿ ನಿಜವಾಗಿರಬೇಕು. ಆದರೆ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವನ್ನು ಮುಚ್ಚಿಟ್ಟಿದ್ದರೂ ಅಧಿಕಾರಿ ಅದನ್ನು ಮನ್ನಿಸಬಹುದು. ನಿಜ ಹೇಳಿದ್ದು ಸಣ್ಣ ಕೇಸಾದರೆ, ಅದು ಇನ್ನೂ ಬಾಕಿ ಇದ್ದರೂ ಕೆಲಸ ಕೊಡಬಹುದು. ಫಾರಂನಲ್ಲಿ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದದ್ದನ್ನು ಹೇಳಲಿಲ್ಲ ಅಂತ ತಪ್ಪು ಹೊರಿಸುವ ಹಾಗಿಲ್ಲ. ಕೇಸಿದೆ ಅಂತ ಅಭ್ಯರ್ಥಿಗೆ ಗೊತ್ತಿತ್ತಾ ಅನ್ನುವುದನ್ನೂ ನೋಡಬೇಕು. ಕೆಲಸ ಕಾಯಂ ಆದವನನ್ನು ವಿಚಾರಣೆ ಇಲ್ಲದೆ ತೆಗೆಯುವ ಹಾಗಿಲ್ಲ. ಇಷ್ಟೆಲ್ಲಾ ಹೇಳಿ, ಒಂದು ಮಾತು ಗಟ್ಟಿಯಾಗಿ ಹೇಳಿದ್ದಾರೆ: ಎಲ್ಲಾ ನಿಜ ಹೇಳಿದರೂ ಕೆಲಸ ಕೊಡಲೇಬೇಕು ಅಂತ ಒತ್ತಾಯಿಸುವ ಹಾಗಿಲ್ಲ. ಇದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ.

2022ರ ಮೇ ತಿಂಗಳಲ್ಲಿ ಪವನ್ ಕುಮಾರ್ ಪ್ರಕರಣ. ರೈಲ್ವೆ ರಕ್ಷಣಾ ದಳದ ಕಾನ್ಸ್‌ಟೇಬಲ್. ತರಬೇತಿಯಲ್ಲಿ ಇರುವಾಗಲೇ ತೆಗೆದಿದ್ದರು. ಅವರ ಪರ ತೀರ್ಪು ಬಂತು. ಬಚ್ಚಿಟ್ಟ ಅನ್ನುವ ಒಂದೇ ಕಾರಣಕ್ಕೆ ಮನಸ್ಸಿಗೆ ಬಂದ ಹಾಗೆ ತೆಗೆಯಬಾರದು, ಎಲ್ಲಾ ಸಂದರ್ಭ ನೋಡಬೇಕು ಅಂದರು. ಆ ತೀರ್ಪು ಓದುವಾಗ ನನಗೆ ಹುಣಸೆ ತೋಪಿನ ಹುಡುಗನೇ ಕಣ್ಣಮುಂದೆ ಬಂದ. ಹತ್ತು ವರ್ಷ ಮುಂಚೆ ಈ ಕಾಗದ ನನ್ನ ಕೈಯಲ್ಲಿ ಇದ್ದಿದ್ದರೆ ಅಂತ ಅನಿಸಿತು. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸತೀಶ್ ಚಂದ್ರ ಯಾದವ್ ಪ್ರಕರಣದಲ್ಲಿ, ಸಮವಸ್ತ್ರದ ಕೆಲಸಕ್ಕೆ ಬರುವವರ ನಡತೆಯನ್ನು ಇನ್ನೂ ಬಿಗಿಯಾಗಿ ನೋಡಬೇಕು ಅಂತಲೂ ಸುಪ್ರೀಂ ಕೋರ್ಟು ಹೇಳಿದೆ. ಪೊಲೀಸ್ ಆಗಬೇಕು ಅನ್ನುವವರು ಇದನ್ನು ತಿಳಿದುಕೊಂಡೇ ಫಾರಂ ಮುಟ್ಟಿ.

18 ತುಂಬುವ ಮುಂಚೆ ಆದ ಕೇಸಿನ ಬಗ್ಗೆ ಒಬ್ಬ ತಾಯಿ ಮೆಲ್ಲಗೆ ಕೇಳಿದರು. ಅಮ್ಮಾ, ಆ ವಿಷಯದಲ್ಲಿ ಕಾನೂನು ನಿಮ್ಮ ಮಗನ ಕಡೆ ಇದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಮಕ್ಕಳ ಕೇಸಿನಿಂದ ಯಾವ ಅನರ್ಹತೆಯೂ ಬರುವುದಿಲ್ಲ, ದಾಖಲೆಯನ್ನೂ ಅಪೀಲಿನ ಅವಧಿ ಮುಗಿದಮೇಲೆ ನಾಶ ಮಾಡಬೇಕು. 74ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಮುಗಿದುಹೋದ ಮಕ್ಕಳ ಕೇಸನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆ ಹೇಳಕೂಡದು. 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. 16 ದಾಟಿದವರ ಮೇಲಿನ ಘೋರ ಅಪರಾಧಗಳಿಗೆ ಮಾತ್ರ ಬೇರೆ ನಿಯಮ ಇದೆ.

ಈಗ ಖಾಸಗಿ ಕಂಪನಿ. ಇಲ್ಲಿ ನಮ್ಮ ದೇಶದ ಕಾನೂನು ಇನ್ನೂ ಬಡವಾಗಿದೆ. ಕೆಲವು ದೇಶಗಳಲ್ಲಿ ಇಷ್ಟು ವರ್ಷ ಆದಮೇಲೆ ಹಳೇ ಶಿಕ್ಷೆಯನ್ನು ಹೇಳಬೇಕಾಗಿಲ್ಲ ಅಂತ ಕಾನೂನಿದೆ. ನಮ್ಮಲ್ಲಿ ಹಾಗಿಲ್ಲ. ಕಂಪನಿ ಕೇಳಬಹುದು. ಆಫರ್ ಲೆಟರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಾಹಿತಿ ಸುಳ್ಳು ಅಂತ ಗೊತ್ತಾದರೆ ಯಾವಾಗ ಬೇಕಾದರೂ ತೆಗೆಯುತ್ತೇವೆ’ ಅಂತ ಇರುತ್ತದೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತನ್ನಿ ಅನ್ನುವವರಿದ್ದಾರೆ. ಅದಿಲ್ಲದಿದ್ದರೂ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕುತ್ತಾರೆ. ಗೊತ್ತಾಗಲ್ಲ ಅನ್ನುವ ಕಾಲ ಹೋಯಿತು.

ಈ ಹುಡುಕಾಟದಲ್ಲಿ ಇನ್ನೊಂದು ಕಷ್ಟ ಇದೆ. ನಮ್ಮ ಜಿಲ್ಲೆಯಲ್ಲಿ ಊರಿಗೆ ನಾಲ್ಕು ಮಂಜುನಾಥ, ಐದು ನಾರಾಯಣಸ್ವಾಮಿ. ಒಬ್ಬ ಹುಡುಗನಿಗೆ ಕಂಪನಿಯಿಂದ ‘ನಿಮ್ಮ ಮೇಲೆ ಕಳ್ಳತನದ ಕೇಸಿದೆ’ ಅಂತ ಮೇಲ್ ಬಂತು. ಅವನು ಎರಡು ದಿನ ಊಟ ಬಿಟ್ಟ. ನೋಡಿದರೆ ಅದೇ ಹೆಸರಿನ ಬೇರೆಯವನು. ಎಫ್‌ಐಆರ್ ನಕಲು ತೆಗೆಸಿ, ತಂದೆ ಹೆಸರು ಬೇರೆ, ವಯಸ್ಸು ಬೇರೆ, ಊರು ಬೇರೆ ಅಂತ ತೋರಿಸಿದ ಮೇಲೆ ಸರಿಹೋಯಿತು. ನೀವೇ ಮೊದಲು ನಿಮ್ಮ ಹೆಸರು ಹಾಕಿ ನೋಡಿಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿ, ಇನಿಷಿಯಲ್ ಹಿಂದೆಮುಂದೆ ಮಾಡಿ ನೋಡಿ.

2020ರ ಡಿಸೆಂಬರ್ 12 ನಿಮಗೆಲ್ಲಾ ನೆನಪಿದೆ. ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಗಲಾಟೆ ಆಗಿ ನೂರಕ್ಕೂ ಹೆಚ್ಚು ಜನ ಬಂಧನಕ್ಕೆ ಒಳಗಾದರು. ಆ ಪ್ರಕರಣದ ವಿಚಾರ ಇವತ್ತಿನದಲ್ಲ. ಆದರೆ ಗುಂಪಿನ ಕೇಸು ಅಂದರೆ ಏನು ಅಂತ ನಮ್ಮ ಜಿಲ್ಲೆ ಅವತ್ತು ಕಣ್ಣಾರೆ ನೋಡಿತು. ಯಾವುದೇ ಗುಂಪಿನ ಕೇಸಿನಲ್ಲಿ ಹೆಸರಿದ್ದರೆ ‘ಎಲ್ಲರ ಜೊತೆ ನನ್ನದೂ ಹೋಗುತ್ತೆ’ ಅಂತ ಸುಮ್ನೆ ಕೂರಬೇಡಿ. ನೂರು ಜನರ ಕೇಸಿನಲ್ಲಿ ನಿಮ್ಮೊಬ್ಬರ ಪಾತ್ರ ಏನು ಅಂತ ದೋಷಾರೋಪಣೆ ಪಟ್ಟಿಯಲ್ಲಿ ಬರೆದಿದ್ದಾರೆ ಅನ್ನುವುದನ್ನು ಓದಿ ತಿಳಿದುಕೊಳ್ಳಿ. ಕಂಪನಿಯವರು ಕೇಳಿದಾಗ ನಿಮ್ಮ ಹತ್ತಿರ ಉತ್ತರ ಇರಬೇಕು.

ಹೇಗೆ ಬರೆಯಬೇಕು ಅನ್ನುವುದು ಎಲ್ಲರ ಪ್ರಶ್ನೆ. ಮಾಲೂರಿನ ಒಂದು ಕಾರ್ಖಾನೆಗೆ ಅರ್ಜಿ ಹಾಕಿದ ಹುಡುಗನೊಬ್ಬ ನನ್ನ ಹತ್ತಿರ ಮೂರು ಪುಟ ಬರೆದುಕೊಂಡು ಬಂದಿದ್ದ. ಚಿಕ್ಕಪ್ಪನ ಮೋಸ, ಊರಿನ ರಾಜಕೀಯ, ಸುಳ್ಳು ಕೇಸು, ದೇವರಾಣೆ ಎಲ್ಲಾ ಇತ್ತು. ಓದುವವರಿಗೆ ಅನುಮಾನ ಜಾಸ್ತಿ ಆಗುವುದೇ ಇಂಥದ್ದರಿಂದ. ಇಬ್ಬರೂ ಕೂತು ಅಳಿಸಿ ಅಳಿಸಿ ಇಷ್ಟಕ್ಕೆ ತಂದೆವು:

‘2019ರಲ್ಲಿ ಜಮೀನಿನ ಬದುವಿನ ವಿಚಾರವಾಗಿ ನಮ್ಮ ಮನೆಯವರಿಗೂ ಪಕ್ಕದ ಜಮೀನಿನವರಿಗೂ ಜಗಳವಾಗಿ, ನನ್ನನ್ನೂ ಸೇರಿಸಿ ನಾಲ್ವರ ಮೇಲೆ ಕೇಸು ದಾಖಲಾಗಿತ್ತು. 2022ರಲ್ಲಿ ನ್ಯಾಯಾಲಯ ನಮ್ಮನ್ನು ಖುಲಾಸೆ ಮಾಡಿದೆ. ತೀರ್ಪಿನ ದೃಢೀಕೃತ ನಕಲು ಲಗತ್ತಿಸಿದೆ.’

ಮೂರೇ ವಾಕ್ಯ. ಏನಾಯಿತು, ಏನಾಗಿ ಮುಗಿಯಿತು, ಕಾಗದ ಇಲ್ಲಿದೆ. ಎಚ್‌ಆರ್ ಮೇಡಂ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದರಂತೆ. ಕೆಲಸಕ್ಕೆ ಸೇರಿಕೊಂಡ. ಇದೇ ರೀತಿ ಬರೆದು ಇನ್ನೊಂದು ಕಡೆ ಕೆಲಸ ಸಿಗದವರೂ ನನಗೆ ಗೊತ್ತು. ಒಬ್ಬಳು ನರ್ಸ್. ಅತ್ತಿಗೆ ಹಾಕಿದ 498ಎ ಕೇಸಿನಲ್ಲಿ, ಅಂದರೆ ಗಂಡ ಮತ್ತು ಅವನ ಮನೆಯವರ ಕಿರುಕುಳದ ಕೇಸಿನಲ್ಲಿ, ನಾದಿನಿ ಅಂತ ಅವಳ ಹೆಸರೂ ಸೇರಿತ್ತು. ಎರಡು ಆಸ್ಪತ್ರೆಯಲ್ಲಿ ಆಮೇಲೆ ಹೇಳುತ್ತೇವೆ ಅಂದು ಸುಮ್ಮನಾದರು. ಮೂರನೆಯದರಲ್ಲಿ ತೆಗೆದುಕೊಂಡರು. ಅಲ್ಲಿ ಅವಳು ಹೆದರಿಕೆ ಇಲ್ಲದೆ ಕೆಲಸ ಮಾಡುತ್ತಿದ್ದಾಳೆ. ಹೈಕೋರ್ಟಿನಲ್ಲಿ ಅವಳ ಮೇಲಿನ ಕೇಸು ರದ್ದಾದ ದಿನ ಆ ಆದೇಶದ ನಕಲನ್ನು ತಾನೇ ತೆಗೆದುಕೊಂಡು ಹೋಗಿ ಆಫೀಸಿಗೆ ಕೊಟ್ಟಳು.

ನಕಲಿನ ವಿಷಯ ಹೇಳಿಬಿಡುತ್ತೇನೆ. ಕೇಸು ಮುಗಿದ ವಾರದಲ್ಲೇ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ತೀರ್ಪಿನ ದೃಢೀಕೃತ ನಕಲು ತೆಗೆದುಕೊಳ್ಳಿ. ಎರಡು ಪ್ರತಿ ತೆಗೆಸಿ. ಸಣ್ಣ ಕೇಸುಗಳ ಕಡತವನ್ನು ಕೆಲವು ವರ್ಷದ ನಂತರ ನಿಯಮದ ಪ್ರಕಾರ ನಾಶ ಮಾಡುತ್ತಾರೆ. ಆಮೇಲೆ ಸ್ಟೇಷನ್ ರಿಜಿಸ್ಟರಿನಲ್ಲಿ ಕೇಸು ಆಗಿದ್ದು ಸಿಗುತ್ತದೆ, ಬಿಟ್ಟಿದ್ದು ಸಿಗುವುದಿಲ್ಲ. ಪಹಣಿ, ಮಾರ್ಕ್ಸ್ ಕಾರ್ಡ್ ಇಡುವ ಟ್ರಂಕಿನಲ್ಲೇ ಅದನ್ನೂ ಇಡಿ. ಇನ್ನೊಂದು, ಫಾರಂ ಕೊಟ್ಟಮೇಲೆ ಹೊಸದಾಗಿ ಕೇಸಾದರೂ ತಿಳಿಸಬೇಕು. ಕೇಂದ್ರದ ಫಾರಂನಲ್ಲೇ ಹಾಗೆ ಬರೆದಿದೆ.

ಮಾತು ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಶ್ರೀನಿವಾಸಪುರದ ಕಡೆಯ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಕಾಗದ ತೋರಿಸಿದರು. ಮೂರು ವರ್ಷದ ಹಿಂದಿನ ಎಫ್‌ಐಆರ್ ನಕಲು. ಮಗನ ಹೆಸರು ನಾಲ್ಕನೇ ಆರೋಪಿ. ಅವತ್ತಿನಿಂದ ಅವನು ಯಾವ ಕೆಲಸಕ್ಕೂ ಅರ್ಜಿಯೇ ಹಾಕಿಲ್ಲ, ಮಾವಿನ ತೋಟ ಕಾಯುತ್ತಾನೆ ಅಂದರು. ‘ಸಮನ್ಸ್ ಏನಾದ್ರೂ ಬಂದಿತ್ತಾ ಅಮ್ಮಾ? ಜಾಮೀನು ತಗೊಂಡಿದ್ರಾ?’ ಅಂತ ಕೇಳಿದೆ. ಏನೂ ಬಂದಿಲ್ಲ, ಯಾರೂ ಕರೆದಿಲ್ಲ ಅಂದರು. ಹಾಗಿದ್ದರೆ ಪೊಲೀಸರು ಅವನ ಹೆಸರು ಕೈಬಿಟ್ಟು ಚಾರ್ಜ್‌ಶೀಟ್ ಹಾಕಿರಬಹುದು. ಇಲ್ಲವೇ ಬಿ ರಿಪೋರ್ಟ್ ಹಾಕಿ ಕೇಸನ್ನೇ ಮುಚ್ಚಿರಬಹುದು. ಹಾಗೆ ಮುಚ್ಚಿದರೆ ಆರೋಪಿಗೆ ಯಾರೂ ಮನೆಗೆ ಬಂದು ಹೇಳುವುದಿಲ್ಲ.

‘ಅಂದ್ರೆ ಕೇಸೇ ಇಲ್ದೆ ಇರಬಹುದಾ?’ ಅಂದರು.

‘ನೋಡೋಣ ಅಮ್ಮಾ. ಸೋಮವಾರ ಹನ್ನೊಂದು ಗಂಟೆಗೆ ಮಗನನ್ನು ಕರ್ಕೊಂಡು ಬನ್ನಿ. ಆಧಾರ್ ಕಾರ್ಡ್ ತರ್ಲಿ’ ಅಂದೆ. ಕ್ರೈಂ ನಂಬರ್ ನನ್ನ ಡೈರಿಯಲ್ಲಿ ಬರೆದುಕೊಂಡೆ. ಅವರು ಕಾಗದವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿ ಕವರಿನೊಳಗೆ ಇಟ್ಟುಕೊಂಡರು.